ಒಂದೇ ಮನೆ, ಎರಡು ದೇಶ: ವಿಚಿತ್ರ ಗಡಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳ್ಳಿಯಲ್ಲಿ ಬೆಳೆದವರಿಗೆ ಬದುವಿನ ಜಗಳ ಹೊಸದೇನಲ್ಲ. ಒಂದು ಅಡಿ ನೆಲಕ್ಕೆ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಡುತ್ತಾರೆ. ಸರ್ವೆಯವರು ಬಂದು ಚೈನು ಎಳೆಯುತ್ತಾರೆ, ಬಾಂದು ಕಲ್ಲು ಹುಡುಕುತ್ತಾರೆ. ಕಲ್ಲು ಇರಬೇಕಾದ ಜಾಗದಲ್ಲಿ ಇರುವುದೇ ಇಲ್ಲ. ದೇಶಗಳ ಗಡಿಯ ಕಥೆ ಓದುತ್ತಾ ಹೋದ ಹಾಗೆ ನನಗೆ ಇದೇ ಜಗಳ ಕಾಣತೊಡಗಿತು. ಪಹಣಿಯ ಬದಲು ಒಪ್ಪಂದ ಪತ್ರ, ಅಣ್ಣತಮ್ಮಂದಿರ ಬದಲು ರಾಜರು, ಅಷ್ಟೇ ವ್ಯತ್ಯಾಸ. ಈ ನನ್ನ ಹುಚ್ಚಿನ ಬಗ್ಗೆ ಗೆಳೆಯರು, ನೆಂಟರು, ಅವರ ಮಕ್ಕಳು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಎರಡೇ ಸಾಲು.

ಎನ್‌ಕ್ಲೇವ್ ಅಂತ ನೀವು ಪದೇ ಪದೇ ಹೇಳುತ್ತೀರಲ್ಲ, ಹಾಗಂದರೆ ಏನು?

ಒಂದು ದೇಶದ ಹೊಟ್ಟೆಯೊಳಗೆ ಸಿಕ್ಕಿಕೊಂಡ ಇನ್ನೊಂದು ದೇಶದ ತುಂಡು. ನಿಮ್ಮ ತೋಟದ ನಡುವೆ ದಾಯಾದಿಗಳ ಹತ್ತು ಗುಂಟೆ ಉಳಿದುಕೊಂಡಿದೆ ಅಂದುಕೊಳ್ಳಿ. ಅವರು ಅಲ್ಲಿಗೆ ಹೋಗಬೇಕಾದರೆ ನಿಮ್ಮ ತೋಟ ದಾಟಲೇಬೇಕು. ಅದೇ ಎನ್‌ಕ್ಲೇವ್. ಆ ಹತ್ತು ಗುಂಟೆಯೊಳಗೆ ಮತ್ತೆ ನಿಮ್ಮದೇ ಒಂದು ತೆಂಗಿನ ಮರದ ಪಾತಿ ಇದ್ದರೆ? ಅಂಥವೂ ಇವೆ. ಮುಂದೆ ಬರುತ್ತದೆ.

ಒಂದೇ ಊರಲ್ಲಿ ಎರಡು ದೇಶ ಇದೆಯಂತೆ, ನಿಜವಾ?

ನಿಜ. ಊರಿನ ಹೆಸರು ಬಾರ್ಲೆ. ನೆದರ್ಲೆಂಡ್ಸ್‌ನ ದಕ್ಷಿಣದಲ್ಲಿ, ಬೆಲ್ಜಿಯಂ ಗಡಿಯಿಂದ ಕೆಲವೇ ಕಿಲೋಮೀಟರ್ ಒಳಗಿದೆ. ಡಚ್ಚರ, ಅಂದರೆ ನೆದರ್ಲೆಂಡ್ಸ್‌ನವರ, ಭಾಗಕ್ಕೆ ಬಾರ್ಲೆ-ನಸ್ಸೌ ಎಂದು ಹೆಸರು, ಬೆಲ್ಜಿಯಂ ಭಾಗಕ್ಕೆ ಬಾರ್ಲೆ-ಹರ್ಟೊಗ್. ಎರಡೂ ಸೇರಿ ಸುಮಾರು 10 ಸಾವಿರ ಜನ.

ಊರನ್ನು ನಡುವೆ ಒಂದು ಗೆರೆ ಎಳೆದು ಎರಡು ಮಾಡಿದ್ದಿದ್ದರೆ ಇದನ್ನು ನೋಡಲು ಯಾರೂ ಹೋಗುತ್ತಿರಲಿಲ್ಲ. ಇಲ್ಲಿ ಡಚ್ ನೆಲದೊಳಗೆ ಬೆಲ್ಜಿಯಂನ 22 ತುಂಡುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿವೆ. ಕೆಲವು ದೊಡ್ಡವು, ಕೆಲವು ಒಂದು ಎಕರೆಯೂ ಇಲ್ಲ. ಸಾಲದು ಅಂತ, ಆ ಬೆಲ್ಜಿಯಂ ತುಂಡುಗಳ ಒಳಗೆ ಮತ್ತೆ ಏಳು ಡಚ್ ತುಂಡುಗಳಿವೆ. ರಸ್ತೆಯ ಮೇಲೆ ಬಿಳಿ ಶಿಲುಬೆ ಗುರುತುಗಳ ಸಾಲು ಹಾಕಿ ಗಡಿ ತೋರಿಸಿದ್ದಾರೆ. ಅದು ಫುಟ್‌ಪಾತ್ ಹತ್ತಿ, ಹೋಟೆಲ್ಲಿನ ಅಂಗಳ ದಾಟಿ, ಯಾರದೋ ಮನೆಯ ಗೋಡೆಗೆ ಹೋಗಿ ಮುಟ್ಟುತ್ತದೆ.

ಯಾಕೆ ಹೀಗಾಯಿತು? ಯಾರಾದರೂ ಕುಡಿದು ಗೆರೆ ಎಳೆದರಾ?

ಇಲ್ಲ, ತೀರಾ ಲೆಕ್ಕಾಚಾರ ಹಾಕಿಯೇ ಮಾಡಿದ್ದು. 1198ರಲ್ಲಿ ಬ್ರಬಾಂಟಿನ ಡ್ಯೂಕ್ ಒಂದನೇ ಹೆನ್ರಿ, ಬ್ರೆಡಾದ ಒಡೆಯನಾದ ಗಾಡ್‌ಫ್ರಿಡ್ ಎಂಬವನಿಗೆ ಈ ಭಾಗದ ನೆಲವನ್ನು ಉಂಬಳಿಯಾಗಿ ಕೊಟ್ಟ. ಆದರೆ ಪೂರ್ತಿ ಕೊಡಲಿಲ್ಲ. ಜನ ಇದ್ದು, ಸಾಗುವಳಿ ನಡೆದು, ಕಂದಾಯ ಬರುತ್ತಿದ್ದ ತುಂಡುಗಳನ್ನು ತನಗೇ ಇಟ್ಟುಕೊಂಡ. ಪಾಳುಬಿದ್ದದ್ದನ್ನು ಧಾರೆ ಎರೆದ. ಜಾಣ! ಮುಂದೆ ಬ್ರೆಡಾ ನಸ್ಸೌ ಮನೆತನದ ಕೈಗೆ ಬಂತು, ಹಾಗಾಗಿ ಬಾರ್ಲೆ-ನಸ್ಸೌ. ಡ್ಯೂಕನಿಗೆ ಡಚ್ ಭಾಷೆಯಲ್ಲಿ ಹರ್ಟೊಗ್ ಅನ್ನುತ್ತಾರೆ, ಹಾಗಾಗಿ ಅವನ ಪಾಲು ಬಾರ್ಲೆ-ಹರ್ಟೊಗ್.

ಆಗ ಇದರಿಂದ ಯಾರಿಗೂ ತೊಂದರೆಯಿರಲಿಲ್ಲ. ಇಬ್ಬರು ಜಮೀನ್ದಾರರ ಪಾಲು ಅಷ್ಟೇ. 1648ರಲ್ಲಿ ಡಚ್ಚರು ಸ್ಪೇನಿನಿಂದ ಬೇರೆಯಾದದ್ದು ಎಲ್ಲರೂ ಒಪ್ಪಿದ ಮೇಲೆ ನಸ್ಸೌ ಪಾಲು ಡಚ್ಚರ ಕಡೆ, ಡ್ಯೂಕನ ಪಾಲು ಸ್ಪೇನಿನ ಕಡೆ. 1830ರಲ್ಲಿ ಬೆಲ್ಜಿಯಂ ಎದ್ದು ನಿಂತಾಗ ಹಳೆಯ ಜಮೀನಿನ ಬದು ಎರಡು ದೇಶಗಳ ಗಡಿಯಾಯಿತು. 1843ರಲ್ಲಿ ಗಡಿ ಗುರುತಿಸಲು ಕೂತ ಅಧಿಕಾರಿಗಳು ಇಲ್ಲಿಗೆ ಬರುವ ಹೊತ್ತಿಗೆ ಕೈಚೆಲ್ಲಿದರು. ಗೆರೆ ಎಳೆಯುವುದನ್ನೇ ಬಿಟ್ಟು, 5,732 ಜಮೀನುಗಳ ಪಟ್ಟಿ ಮಾಡಿ, ಒಂದೊಂದರ ಮುಂದೂ ಇದು ಯಾವ ದೇಶ ಎಂದು ಬರೆದಿಟ್ಟರು. ಪಹಣಿಯಲ್ಲಿ ಸರ್ವೆ ನಂಬರಿನ ಪಕ್ಕ ಹಕ್ಕುದಾರನ ಹೆಸರು ಬರೆಯುತ್ತಾರಲ್ಲ, ಹಾಗೆ.

ಮನೆಯ ನಡುವೆಯೇ ಗಡಿ ಹೋದರೆ ತೆರಿಗೆ ಯಾರಿಗೆ ಕಟ್ಟಬೇಕು?

ಮುಂಬಾಗಿಲು ಯಾವ ದೇಶದಲ್ಲಿದೆಯೋ ಆ ದೇಶಕ್ಕೆ. ಇದು ಅಲ್ಲಿನ ರೂಢಿ. ಅಡುಗೆಮನೆ ಬೆಲ್ಜಿಯಂನಲ್ಲಿದ್ದು ಮಲಗುವ ಕೋಣೆ ನೆದರ್ಲೆಂಡ್ಸ್‌ನಲ್ಲಿದ್ದರೂ ಬಾಗಿಲಿನ ಮಾತೇ ಅಂತಿಮ. ಹಾಗಾಗಿ ಮನೆಯ ನಂಬರ್ ಫಲಕದ ಮೇಲೆ ಆಯಾ ದೇಶದ ಬಾವುಟವೂ ಇರುತ್ತದೆ. ಗಡಿ ಸರಿಯಾಗಿ ಬಾಗಿಲಿನ ನಡುವೆಯೇ ಹಾಯುವ ಮನೆಯೊಂದು ಲೋವೆರೆನ್ ಬೀದಿಯಲ್ಲಿದೆ. ಅದಕ್ಕೆ ಎರಡು ದೇಶದ ಎರಡು ನಂಬರ್.

ಊರಲ್ಲಿ ಒಬ್ಬ ಅಜ್ಜಿಯ ಕಥೆ ಹೇಳುತ್ತಾರೆ. ಗಡಿಯನ್ನು ಹೊಸದಾಗಿ ಅಳೆದಾಗ ಅಜ್ಜಿಯ ಬಾಗಿಲು ಪಕ್ಕದ ದೇಶಕ್ಕೆ ಹೋಗಿಬಿಟ್ಟಿತಂತೆ. ಹುಟ್ಟಿದಾಗಿನಿಂದ ಬೆಲ್ಜಿಯಂನವಳಾಗಿದ್ದ ಅಜ್ಜಿ ಈ ವಯಸ್ಸಲ್ಲಿ ಯಾಕೆ ಬದಲಾಗಲಿ ಎಂದು, ಬಾಗಿಲು ಇದ್ದಲ್ಲಿ ಕಿಟಕಿ, ಕಿಟಕಿ ಇದ್ದಲ್ಲಿ ಬಾಗಿಲು ಇಡಿಸಿದಳಂತೆ. ವಾಸ್ತುವಿನವರು ಹೇಳಿ ಬಾಗಿಲು ಬದಲಾಯಿಸಿದವರನ್ನು ನಾವೆಲ್ಲ ನೋಡಿದ್ದೇವೆ. ಪೌರತ್ವಕ್ಕಾಗಿ ಬದಲಾಯಿಸಿದ್ದು ಇದೊಂದೇ ಇರಬೇಕು.

ಎರಡು ದೇಶ ಅಂದರೆ ಎರಡು ಕಾನೂನು. ಜನ ಅದರ ಲಾಭ ತೆಗೆದುಕೊಳ್ಳುವುದಿಲ್ಲವಾ?

ಬಿಡುತ್ತಾರಾ? ಪಟಾಕಿಯ ನಿಯಮ ಡಚ್ಚರಲ್ಲಿ ಬಿಗಿ, ಬೆಲ್ಜಿಯಂನಲ್ಲಿ ಸಡಿಲ. ಹೊಸವರ್ಷ ಹತ್ತಿರ ಬಂದರೆ ಬೆಲ್ಜಿಯಂ ಬದಿಯ ಪಟಾಕಿ ಅಂಗಡಿಗಳಲ್ಲಿ ಡಚ್ಚರದೇ ಸಾಲು. ಹಿಂದೆ ಡಚ್ ಹೋಟೆಲ್‌ಗಳು ಬೇಗ ಮುಚ್ಚಬೇಕಿದ್ದ ಕಾಲದಲ್ಲಿ, ಹೊತ್ತಾಯಿತು ಅನ್ನುವಾಗ ಗಿರಾಕಿಗಳು ಮೇಜು ಎತ್ತಿಕೊಂಡು ಎರಡು ಹೆಜ್ಜೆ ಸರಿದು ಬೆಲ್ಜಿಯಂನಲ್ಲಿ ಕೂರುತ್ತಿದ್ದರು ಅನ್ನುವುದು ಪ್ರವಾಸಿಗಳಿಗೆಲ್ಲ ಹೇಳುವ ಮಾತು.

ಉಲ್ಟಾ ಹೊಡೆದದ್ದೂ ಇದೆ. 2020ರಲ್ಲಿ ಕೊರೊನಾ ಬಂದಾಗ ಬೆಲ್ಜಿಯಂ ಅಂಗಡಿ ಮುಚ್ಚಿಸಿತು, ನೆದರ್ಲೆಂಡ್ಸ್ ಮುಚ್ಚಿಸಲಿಲ್ಲ. ಗಡಿಯ ಮೇಲೆ ಕೂತಿದ್ದ ಒಂದು ಬಟ್ಟೆ ಅಂಗಡಿಯಲ್ಲಿ ಅರ್ಧಕ್ಕೆ ಪಟ್ಟಿ ಕಟ್ಟಿ, ಆಚೆ ಬದಿಯ ಬಟ್ಟೆ ಮುಟ್ಟುವಂತಿಲ್ಲ ಎಂದು ಮಾಡಿದ್ದರು.

ಯುದ್ಧದ ಸಮಯದಲ್ಲಿ ಏನು ಮಾಡಿದರು?

ನನಗೆ ಬಾರ್ಲೆಯ ಕಥೆಯಲ್ಲಿ ಜಾಸ್ತಿ ಇಷ್ಟವಾದ ಭಾಗವೇ ಇದು. ಒಂದನೇ ಮಹಾಯುದ್ಧದಲ್ಲಿ ಜರ್ಮನಿ ಬೆಲ್ಜಿಯಂ ಮೇಲೆ ನುಗ್ಗಿ ಬಹುಪಾಲು ಹಿಡಿದುಕೊಂಡಿತು. ನೆದರ್ಲೆಂಡ್ಸ್ ತಟಸ್ಥ. ಈಗ ಬಾರ್ಲೆ-ಹರ್ಟೊಗ್ ಹಿಡಿಯಬೇಕೆಂದರೆ ಜರ್ಮನ್ ಸೈನ್ಯ ಡಚ್ ನೆಲ ತುಳಿಯಬೇಕು. ತುಳಿದರೆ ಇನ್ನೊಂದು ದೇಶದ ಜೊತೆ ಯುದ್ಧ. ಹಾಗಾಗಿ ಬೆಲ್ಜಿಯಂನ ಬಹುಪಾಲು ಹೋದರೂ ಈ ಪುಟ್ಟ ತುಂಡುಗಳಲ್ಲಿ ಬೆಲ್ಜಿಯಂ ಬಾವುಟ ಹಾರಾಡುತ್ತಲೇ ಇತ್ತು.

ಬೆಲ್ಜಿಯಂನವರು ಸುಮ್ನೆ ಕೂರಲಿಲ್ಲ. 1915ರಲ್ಲಿ ಅಲ್ಲೊಂದು ವೈರ್‌ಲೆಸ್ ಕೇಂದ್ರ ನಿಲ್ಲಿಸಿ ಮಿತ್ರಪಕ್ಷಗಳಿಗೆ ಸುದ್ದಿ ಕಳಿಸತೊಡಗಿದರು. ಡಚ್ಚರಿಗೆ ಪೀಕಲಾಟ. ನಮ್ಮ ತಟಸ್ಥತೆಗೆ ಕುತ್ತು ಬಂದೀತು ಎಂದು ಅವರು ಆ ತುಂಡುಗಳ ಸುತ್ತ ಬೇಲಿ ಹಾಕಿ ಕಾವಲು ನಿಲ್ಲಿಸಿದರು. ಇತ್ತ ಜರ್ಮನ್ನರು ಬೆಲ್ಜಿಯಂ ಮತ್ತು ನೆದರ್ಲೆಂಡ್ಸ್ ನಡುವಿನ ದೊಡ್ಡ ಗಡಿಯುದ್ದಕ್ಕೂ ವಿದ್ಯುತ್ ಹರಿಯುವ ತಂತಿಬೇಲಿ ಎಳೆದರು. ಸಾವಿನ ತಂತಿ ಅಂತಲೇ ಅದಕ್ಕೆ ಹೆಸರು. ಕರೆಂಟು ಅಂದರೇನು ಎಂದೇ ಗೊತ್ತಿಲ್ಲದ ಹಳ್ಳಿಯವರು, ದನಕರು ಅದಕ್ಕೆ ಬಲಿಯಾದರು.

ಇಷ್ಟು ಗೋಜಲು ಯಾಕೆ, ನೆಲ ಅದಲುಬದಲು ಮಾಡಿ ಸರಿ ಮಾಡಬಾರದಾ?

ಪ್ರಯತ್ನ ನಡೆದಿದೆ. ಒಮ್ಮೆ ಎರಡು ಜಮೀನಿನ ವ್ಯಾಜ್ಯ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದ ತನಕ ಹೋಗಿತ್ತು. 91 ಮತ್ತು 92ನೇ ನಂಬರಿನ ಜಮೀನು, ಒಟ್ಟು ಸುಮಾರು 14 ಹೆಕ್ಟೇರ್. ಒಂದು ದಾಖಲೆಯಲ್ಲಿ ಡಚ್ಚರದ್ದು ಎಂದಿತ್ತು, 1843ರದ್ದರಲ್ಲಿ ಬೆಲ್ಜಿಯಂನದ್ದು ಎಂದಿತ್ತು. ನಕಲು ಮಾಡುವಾಗ ತಪ್ಪಾಗಿದೆ ಎಂದು ಡಚ್ಚರ ವಾದ. 1959ರಲ್ಲಿ ನ್ಯಾಯಾಲಯ 10ಕ್ಕೆ 4ರ ಮತದಲ್ಲಿ ಬೆಲ್ಜಿಯಂ ಪರ ತೀರ್ಪು ಕೊಟ್ಟಿತು. ತಹಶೀಲ್ದಾರ್ ಕಚೇರಿಯಲ್ಲಿ ಪಹಣಿ ತಿದ್ದುಪಡಿಗೆ ಅಲೆದವರು ಈ ಕೇಸ್ ಕೇಳಿದರೆ ನಿಟ್ಟುಸಿರು ಬಿಟ್ಟಾರು. ಕೊನೆಗೂ ಇಡೀ ಗಡಿ ನಿಕ್ಕಿಯಾದದ್ದು 1995ರಲ್ಲಿ.

ಈಗ ಸರಿಮಾಡುವ ಮನಸ್ಸು ಯಾರಿಗೂ ಇಲ್ಲ. ಪ್ರವಾಸಿಗಳು ಬರುವುದೇ ಈ ಗೋಜಲು ನೋಡಲು.

ನಮ್ಮ ದೇಶದಲ್ಲಿ ಇಂಥದ್ದು ಇರಲಿಲ್ಲವಾ?

ಇತ್ತು. ಬಾರ್ಲೆಯನ್ನು ನಾಚಿಸುವಷ್ಟು ಇತ್ತು. ಪಶ್ಚಿಮ ಬಂಗಾಳದ ಕೂಚ್ ಬಿಹಾರದ ಸುತ್ತ, ಬಾಂಗ್ಲಾದೇಶದೊಳಗೆ ಭಾರತದ 111 ತುಂಡುಗಳಿದ್ದವು. ಭಾರತದೊಳಗೆ ಬಾಂಗ್ಲಾದೇಶದ 51. ಬಂಗಾಳಿಯಲ್ಲಿ ಇವಕ್ಕೆ ಛಿಟ್‌ಮಹಲ್ ಅನ್ನುತ್ತಾರೆ.

ಕೂಚ್ ಬಿಹಾರದ ರಾಜ ಚದುರಂಗದಲ್ಲಿ ಹಳ್ಳಿಗಳನ್ನು ಪಣಕ್ಕಿಟ್ಟು ಸೋತನಂತೆ?

ಎಲ್ಲರೂ ಇದನ್ನೇ ಕೇಳುತ್ತಾರೆ. ಕೂಚ್ ಬಿಹಾರದ ರಾಜನೂ ರಂಗಪುರದ ನವಾಬನೂ ಆಟಕ್ಕೆ ಕೂತು ಊರುಗಳ ಹೆಸರು ಬರೆದ ಚೀಟಿಗಳನ್ನು ಪಣಕ್ಕಿಡುತ್ತಿದ್ದರು ಎಂಬುದು ಕಥೆ. ಕೆಲವರು ಚದುರಂಗ ಅನ್ನುತ್ತಾರೆ, ಕೆಲವರು ಪಗಡೆ. ಧರ್ಮರಾಯನ ಕಥೆ ಕೇಳಿ ಬೆಳೆದ ನಮಗೆ ಇದು ಥಟ್ಟನೆ ನಂಬಿಕೆಯಾಗುತ್ತದೆ, ಅಲ್ವಾ? ಆದರೆ ನಡೆದದ್ದು ಇಷ್ಟು ರಂಜಕವಾಗಿಲ್ಲ. ಮೊಘಲರಿಗೂ ಕೂಚ್ ಬಿಹಾರಕ್ಕೂ ವರ್ಷಗಟ್ಟಲೆ ಕಾದಾಟ ನಡೆದು 1713ರಲ್ಲಿ ಒಪ್ಪಂದವಾಯಿತು. ಮೊಘಲರು ಹಿಡಿದ ಜಾಗದ ನಡುವೆ ಕೆಲವು ಜಮೀನ್ದಾರರು ರಾಜನಿಗೇ ನಿಷ್ಠರಾಗಿ ಉಳಿದರು. ರಾಜನ ನೆಲದೊಳಗೆ ಮೊಘಲರ ಕಡೆಯವರು ಕೆಲವು ಹಿಡುವಳಿ ಉಳಿಸಿಕೊಂಡರು. ಅವರವರು ಅವರವರ ಒಡೆಯರಿಗೆ ಕಂದಾಯ ಕಟ್ಟಿದರು, ಮುಗಿಯಿತು.

ಬ್ರಿಟಿಷರ ಕಾಲದಲ್ಲೂ ಅದು ಬರೀ ಕಂದಾಯದ ಲೆಕ್ಕವಾಗಿತ್ತು. 1947ರಲ್ಲಿ ರಂಗಪುರ ಪೂರ್ವ ಪಾಕಿಸ್ತಾನಕ್ಕೆ, ಅಂದರೆ ಇಂದಿನ ಬಾಂಗ್ಲಾದೇಶಕ್ಕೆ, ಹೋಯಿತು. 1949ರಲ್ಲಿ ಕೂಚ್ ಬಿಹಾರ ಭಾರತಕ್ಕೆ ಸೇರಿತು. ಕಂದಾಯದ ಲೆಕ್ಕ ರಾತ್ರೋರಾತ್ರಿ ದೇಶದ ಗಡಿಯಾಯಿತು.

ಡಬ್ಬಿಯೊಳಗೆ ಡಬ್ಬಿ ಇದ್ದ ಹಾಗೆ ಒಂದು ಜಾಗ ಇತ್ತಂತಲ್ಲ?

ದಹಲಾ ಖಗ್ರಾಬಾರಿ. ನಿಧಾನವಾಗಿ ಓದಿ: ಅದು ಭಾರತದ ನೆಲ. ಅದರ ಸುತ್ತ ಬಾಂಗ್ಲಾದೇಶದ ಒಂದು ಊರು. ಆ ಊರಿನ ಸುತ್ತ ಭಾರತದ ಇನ್ನೊಂದು ಊರು. ಅದರ ಸುತ್ತ ಬಾಂಗ್ಲಾದೇಶ. ಜಗತ್ತಿನಲ್ಲಿ ಇಂಥದ್ದು ಇದೊಂದೇ ಇತ್ತು.

ಅಲ್ಲಿ ಅರಮನೆಯೋ ಕೋಟೆಯೋ ಇತ್ತು ಅಂದುಕೊಳ್ಳಬೇಡಿ. ಸುಮಾರು 7,000 ಚದರ ಮೀಟರ್ ಇದ್ದ ಒಂದು ಸೆಣಬಿನ ಹೊಲ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ 1 ಎಕರೆ 29 ಗುಂಟೆ. ಮನೆಯೂ ಇರಲಿಲ್ಲ. ಹೊಲದ ಒಡೆಯ ಬಾಂಗ್ಲಾದೇಶದವನು. ಅವನು ಬೆಳಗ್ಗೆ ಎದ್ದು ಭಾರತಕ್ಕೆ ಹೋಗಿ ಕಳೆ ಕಿತ್ತು ಊಟಕ್ಕೆ ಬಾಂಗ್ಲಾದೇಶಕ್ಕೆ ಬರುತ್ತಿದ್ದ.

ತಮಾಷೆಯಾಗಿದೆ. ಜನರಿಗೂ ತಮಾಷೆಯಾಗಿತ್ತಾ?

ಇಲ್ಲ. ಇಲ್ಲಿಗೆ ಬಂದರೆ ನನಗೂ ನಗು ನಿಲ್ಲುತ್ತದೆ. ಬಾರ್ಲೆಯಲ್ಲಿ ಎರಡು ಊರಿನ ಆಡಳಿತ ಸೇರಿ ಚರಂಡಿ, ಕಸ ನೋಡಿಕೊಂಡವು. ಇಲ್ಲಿ ಎರಡೂ ದೇಶಗಳು ಆ ಜನರನ್ನು ಮರೆತವು.

ಬಾಂಗ್ಲಾದೇಶದೊಳಗಿನ ಭಾರತದ ತುಂಡಿನಲ್ಲಿ ಇರುವವನು ಭಾರತೀಯ. ಆದರೆ ಭಾರತಕ್ಕೆ ಹೋಗಬೇಕಾದರೆ ಬಾಂಗ್ಲಾದೇಶ ದಾಟಬೇಕು. ಅದಕ್ಕೆ ವೀಸಾ ಬೇಕು. ವೀಸಾ ಕೊಡುವ ಕಚೇರಿ ಭಾರತದಲ್ಲಿದೆ. ಅಂದರೆ ವೀಸಾ ಮಾಡಿಸಲು ಮೊದಲು ವೀಸಾ ಇಲ್ಲದೆ ಗಡಿ ದಾಟಬೇಕು! ರಸ್ತೆ ಇಲ್ಲ, ಕರೆಂಟು ಇಲ್ಲ. ಊರ ತಲೆಯ ಮೇಲೆ ವಿದ್ಯುತ್ ತಂತಿ ಹೋದರೂ ಮನೆಗೆ ದೀಪ ಇಲ್ಲ. ಕಳ್ಳತನವಾದರೆ ಪೊಲೀಸರು ಬರುವಂತಿಲ್ಲ, ಅದು ಬೇರೆ ದೇಶ. ಮಕ್ಕಳನ್ನು ಶಾಲೆಗೆ ಸೇರಿಸಲು ಪಕ್ಕದ ಊರಿನ ಯಾರನ್ನೋ ಅಪ್ಪ ಎಂದು ಬರೆಸುತ್ತಿದ್ದರು. ಹೆರಿಗೆಗೆ ಆಸ್ಪತ್ರೆಗೆ ಹೋದ ಹೆಂಗಸು ಗಂಡನ ಹೆಸರನ್ನೇ ಬೇರೆ ಹೇಳಬೇಕಿತ್ತು. ಎರಡು ತಲೆಮಾರು ಹೀಗೆ ಬದುಕಿದವು.

ಕೊನೆಗೆ ಹೇಗೆ ಬಗೆಹರಿಯಿತು?

1974ರಲ್ಲೇ ಇಂದಿರಾ ಗಾಂಧಿ ಮತ್ತು ಶೇಖ್ ಮುಜೀಬುರ್ ರಹಮಾನ್ ಒಪ್ಪಂದಕ್ಕೆ ಸಹಿ ಹಾಕಿದ್ದರು. ಜಾರಿಗೆ ಬರಲು 41 ವರ್ಷ ಹಿಡಿಯಿತು. ನಮ್ಮ ಸಂಸತ್ತು ಸಂವಿಧಾನಕ್ಕೆ 100ನೇ ತಿದ್ದುಪಡಿ ತಂದ ಮೇಲೆ, 2015ರ ಜುಲೈ 31ರ ಮಧ್ಯರಾತ್ರಿ ತುಂಡುಗಳು ಅದಲುಬದಲಾದವು. ಭಾರತ ಕೊಟ್ಟದ್ದು ಸುಮಾರು 17 ಸಾವಿರ ಎಕರೆ, ಪಡೆದದ್ದು ಸುಮಾರು 7 ಸಾವಿರ. ನಷ್ಟವಾಯಿತು ಎಂದು ಕೂಗಿದವರೂ ಇದ್ದರು. ಆದರೆ ಕಾಲಿಡಲೂ ಆಗದ ನೆಲ ಕಾಗದದ ಮೇಲೆ ಇದ್ದು ಏನು ಬಂತು ಎಂಬುದು ನನ್ನ ಅಭಿಪ್ರಾಯ.

ಒಟ್ಟು 50 ಸಾವಿರಕ್ಕೂ ಹೆಚ್ಚು ಜನರಿಗೆ ಯಾವ ದೇಶ ಬೇಕು ಎಂದು ಕೇಳಿದರು. ಬಹುಪಾಲು ಜನ ಇದ್ದಲ್ಲೇ ಉಳಿದರು. ಬಾಂಗ್ಲಾದೇಶದ ಕಡೆಯಿಂದ ಭಾರತಕ್ಕೆ ಗಂಟುಮೂಟೆ ಕಟ್ಟಿ ಬಂದವರು ಒಂದು ಸಾವಿರದ ಒಳಗೆ. ಮನೆ, ಹೊಲ, ಹಿರಿಯರ ಗೋರಿ ಇದ್ದ ಕಡೆ ಜನ ನಿಂತರು. ಬಾವುಟ ಮಾತ್ರ ಬದಲಾಯಿತು.

ಒಂದು ತುಂಡು ಇನ್ನೂ ಉಳಿದಿದೆ. ದಹಗ್ರಾಮ್-ಅಂಗೋರ್‌ಪೋತಾ ಈಗಲೂ ಬಾಂಗ್ಲಾದೇಶದ್ದೇ. ಅಲ್ಲಿಗೆ ಹೋಗಲು ಭಾರತದ ನೆಲದಲ್ಲಿ 178 ಮೀಟರ್ ಉದ್ದದ ತೀನ್ ಬಿಘಾ ಎಂಬ ದಾರಿ ಇದೆ. 1992ರಲ್ಲಿ ತೆರೆದಾಗ ಹಗಲಲ್ಲಿ ಕೆಲವು ಗಂಟೆ ಮಾತ್ರ ಬಿಡುತ್ತಿದ್ದರು. 2011ರಿಂದ ದಿನವಿಡೀ ತೆರೆದಿರುತ್ತದೆ.

ಕನ್ನಡದ ಊರುಗಳಿಗೂ ಇಂಥ ಪಾಡು ಬಂದಿತ್ತಾ?

ಬಂದಿತ್ತು, ಸ್ವಲ್ಪ ಬೇರೆ ರೀತಿಯಲ್ಲಿ. ಸ್ವಾತಂತ್ರ್ಯಕ್ಕೆ ಮುಂಚಿನ ಉತ್ತರ ಕರ್ನಾಟಕದ ನಕ್ಷೆ ಸಿಕ್ಕರೆ ಒಮ್ಮೆ ನೋಡಿ. ಅಲ್ಲಿನ ಸಂಸ್ಥಾನಗಳನ್ನು ಆಳುತ್ತಿದ್ದ ಪಟವರ್ಧನ ಮನೆತನದವರು ಪಾಲಾದಾಗ ಊರುಗಳೂ ಹಂಚಿಹೋದವು. ಶಿರಹಟ್ಟಿ, ತೇರದಾಳ, ಬೆಳಗಾವಿಗೆ ಅಂಟಿಕೊಂಡೇ ಇರುವ ಶಹಾಪುರ ಇವು ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದವು. ಲಕ್ಷ್ಮೇಶ್ವರ ಮಿರಜಿಗೆ. ಗಾಯಕ ಸವಾಯಿ ಗಂಧರ್ವರ ಕುಂದಗೋಳ ಜಮಖಂಡಿಗೆ. ಕುಂದಗೋಳದಿಂದ ಜಮಖಂಡಿಗೆ ದಾರಿ ಹಿಡಿದರೆ 150 ಕಿಲೋಮೀಟರಿಗೂ ಜಾಸ್ತಿ. ನಡುವೆ ಎಲ್ಲ ಬ್ರಿಟಿಷರ ಧಾರವಾಡ, ಬಿಜಾಪುರ ಜಿಲ್ಲೆಗಳು, ಬೇರೆ ಸಂಸ್ಥಾನದವರ ಊರುಗಳು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. 1956ರಲ್ಲಿ ಈ ಕನ್ನಡದ ಊರುಗಳೆಲ್ಲ ಒಂದೇ ರಾಜ್ಯಕ್ಕೆ ಬಂದವು.

ಬೆಂಗಳೂರಿನವರಿಗೆ ಇನ್ನೂ ಹತ್ತಿರದ ಉದಾಹರಣೆ ಇದೆ. ಬ್ರಿಟಿಷರು 1809ರಲ್ಲಿ ಇಲ್ಲಿ ದಂಡು, ಅಂದರೆ ಸೈನ್ಯದ ನೆಲೆ, ಕಟ್ಟಿದರು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿ ಬಂದರೂ ದಂಡು ಬ್ರಿಟಿಷರ ಆಡಳಿತದಲ್ಲೇ ಉಳಿಯಿತು. ಪೇಟೆಗೆ ಮಹಾರಾಜರ ಸರ್ಕಾರ, ದಂಡಿಗೆ ಬ್ರಿಟಿಷ್ ರೆಸಿಡೆಂಟ್. ಎರಡೂ ಕಡೆ ಬೇರೆ ಬೇರೆ ಪುರಸಭೆ. ದಂಡು ಮೈಸೂರಿಗೆ ಮರಳಿದ್ದು 1947ರಲ್ಲಿ, ಎರಡು ಪುರಸಭೆ ಒಂದಾದದ್ದು 1949ರಲ್ಲಿ. ದಂಡು ರೈಲ್ವೆ ನಿಲ್ದಾಣದ ಬೋರ್ಡಿನಲ್ಲಿ ಆ ಹೆಸರು ಹಾಗೇ ಉಳಿದಿದೆ.

ಆರು ತಿಂಗಳಿಗೊಮ್ಮೆ ದೇಶ ಬದಲಾಯಿಸುವ ದ್ವೀಪ ಇದೆಯಾ?

ಇದೆ. ಫ್ರಾನ್ಸ್ ಮತ್ತು ಸ್ಪೇನ್ ನಡುವೆ ಬಿದಾಸೋವಾ ನದಿಯಲ್ಲಿ ಫೆಸೆಂಟ್ ದ್ವೀಪ ಇದೆ. ಫೆಸೆಂಟ್ ಎಂದರೆ ಕಾಡುಕೋಳಿಯ ಜಾತಿಯ ಹಕ್ಕಿ. ಅಲ್ಲಿ ಆ ಹಕ್ಕಿ ಇಲ್ಲ, ಮನುಷ್ಯರೂ ಇಲ್ಲ. ಫೆಬ್ರವರಿ 1ರಿಂದ ಜುಲೈ 31ರವರೆಗೆ ದ್ವೀಪ ಸ್ಪೇನಿನದ್ದು, ಆಗಸ್ಟ್ 1ರಿಂದ ಜನವರಿ 31ರವರೆಗೆ ಫ್ರಾನ್ಸಿನದ್ದು. ವಿಸ್ತೀರ್ಣ ಒಂದೂ ಮುಕ್ಕಾಲು ಎಕರೆಯ ಹತ್ತಿರ. ಹೆಚ್ಚುಕಡಿಮೆ ನಮ್ಮ ದಹಲಾ ಖಗ್ರಾಬಾರಿಯ ಹೊಲದಷ್ಟೇ! ಇದಕ್ಕೆ ಸಿಕ್ಕ ಮರ್ಯಾದೆ ಅದಕ್ಕೆ ಸಿಗಲಿಲ್ಲ.

ಎರಡೂ ದೇಶಗಳ ದೀರ್ಘ ಯುದ್ಧ ಮುಗಿದದ್ದು ಇದೇ ದ್ವೀಪದಲ್ಲಿ, 1659ರಲ್ಲಿ. ಅಲ್ಲಿಂದ ಇದು ಇಬ್ಬರಿಗೂ ಸೇರಿದ ಜಾಗ. ಆರಾರು ತಿಂಗಳ ಪಾಳಿ ಆಮೇಲಿನ ಒಪ್ಪಂದಗಳಲ್ಲಿ ಬಂತು. ಯುದ್ಧ ಮುಗಿದ ಮರುವರ್ಷ ಫ್ರಾನ್ಸಿನ ದೊರೆ 14ನೇ ಲೂಯಿಗೆ ಸ್ಪೇನಿನ ರಾಜಕುಮಾರಿ ಮರಿಯಾ ತೆರೇಸಾಳನ್ನು ಒಪ್ಪಿಸಿದ್ದೂ ಇಲ್ಲೇ. ಸ್ಪೇನಿನ ಕಡೆಯ ಚಪ್ಪರದ ಅಲಂಕಾರದ ಹೊಣೆ ಹೊತ್ತವನು ಯಾರು ಗೊತ್ತಾ? ಹೆಸರಾಂತ ಚಿತ್ರಕಾರ ವೆಲಾಸ್ಕೆಸ್. ಮದುವೆಯ ಓಡಾಟ ಮುಗಿಸಿ ಊರಿಗೆ ಹೋದವನು ಅದೇ ಆಗಸ್ಟ್‌ನಲ್ಲಿ ತೀರಿಕೊಂಡ.

ಅದೇ ಒಪ್ಪಂದದ ಇನ್ನೊಂದು ಚೇಷ್ಟೆ ಯೀವಿಯಾ ಎಂಬ ಊರು. ಪಿರೆನೀಸ್ ಬೆಟ್ಟದ ಕಡೆ 33 ಹಳ್ಳಿಗಳನ್ನು ಸ್ಪೇನ್ ಬಿಟ್ಟುಕೊಡಬೇಕೆಂದು ತೀರ್ಮಾನವಾಯಿತು. ಯೀವಿಯಾ ಹಳ್ಳಿಯಲ್ಲ, ಅದಕ್ಕೆ ಪಟ್ಟಣದ ದರ್ಜೆಯಿದೆ ಎಂದು ಸ್ಪೇನಿನವರು ಪಟ್ಟು ಹಿಡಿದರು. ಇವತ್ತಿಗೂ ಅದು ಸ್ಪೇನಿನ ಊರು, ಸುತ್ತಲೂ ಫ್ರಾನ್ಸ್. ಒಂದು ಪದದ ಮಹಿಮೆ.

ಯಾರಿಗೂ ಬೇಡವಾದ ನೆಲ ಇದೆಯಂತೆ. ನಾನು ಹೋಗಿ ರಾಜನಾಗಬಹುದಾ?

ಬಿರ್ ತವೀಲ್ ಬಗ್ಗೆ ಕೇಳುತ್ತಿದ್ದೀರಿ. ಈಜಿಪ್ಟ್ ಮತ್ತು ಸುಡಾನ್ ನಡುವೆ 2,060 ಚದರ ಕಿಲೋಮೀಟರ್ ಮರಳುಗಾಡು. ಬೆಂಗಳೂರು ನಗರ ಜಿಲ್ಲೆಗಿಂತ ಚೂರು ಕಡಿಮೆ.

1899ರಲ್ಲಿ ಬ್ರಿಟಿಷರು 22ನೇ ಅಕ್ಷಾಂಶದ ಮೇಲೆ ನೇರ ಗೆರೆ ಎಳೆದರು. 1902ರಲ್ಲಿ, ಅಲ್ಲಿನ ಬುಡಕಟ್ಟುಗಳು ದನಕರು ಮೇಯಿಸುವ ಜಾಗ ನೋಡಿ ಇನ್ನೊಂದು ಗೆರೆ ಎಳೆದರು. ಎರಡು ಗೆರೆಗಳ ನಡುವೆ ಎರಡು ತುಂಡು ಬಿದ್ದವು. ಒಂದು ಕೆಂಪು ಸಮುದ್ರದ ದಂಡೆಯ ಹಲಾಯಿಬ್, 20 ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. ಇನ್ನೊಂದು ಬಿರ್ ತವೀಲ್. ಈಜಿಪ್ಟ್ 1899ರ ಗೆರೆ ಸರಿ ಅನ್ನುತ್ತದೆ, ಆಗ ಹಲಾಯಿಬ್ ಅದರ ಪಾಲು. ಸುಡಾನ್ 1902ರದ್ದು ಸರಿ ಅನ್ನುತ್ತದೆ, ಆಗ ಹಲಾಯಿಬ್ ಅದರ ಪಾಲು. ಬಿರ್ ತವೀಲ್ ನಮ್ಮದು ಎಂದು ಬಾಯಿಬಿಟ್ಟವರು ಹಲಾಯಿಬ್ ಕೈಬಿಟ್ಟ ಹಾಗೆ. ಹಾಗಾಗಿ ಇಬ್ಬರೂ ಮೌನ. ದೇಶಗಳ ಪಹಣಿಯಲ್ಲಿ ಇದು ಖರಾಬು ಜಮೀನು.

2014ರಲ್ಲಿ ಒಬ್ಬ ಅಮೆರಿಕದವನು, ಮಗಳು ರಾಜಕುಮಾರಿಯಾಗಬೇಕೆಂದಳು ಎಂದು ಅಲ್ಲಿಗೆ ಹೋಗಿ ಬಾವುಟ ನೆಟ್ಟ. 2017ರಲ್ಲಿ ಇಂದೋರಿನ ಯುವಕನೊಬ್ಬ ಬಾವುಟ ನೆಟ್ಟು ಬೀಜಕ್ಕೆ ನೀರು ಹಾಕಿ ಬಂದ. ಯಾವ ದೇಶವೂ ಇವರನ್ನು ಒಪ್ಪಲಿಲ್ಲ. ಜನ, ನೆಲ, ಸರ್ಕಾರ, ಬೇರೆ ದೇಶಗಳ ಜೊತೆ ವ್ಯವಹರಿಸುವ ಸಾಮರ್ಥ್ಯ ಇವು ನಾಲ್ಕೂ ಇದ್ದರೆ ದೇಶ ಎಂದು 1933ರ ಮಾಂಟೆವಿಡಿಯೊ ಒಪ್ಪಂದ ಹೇಳುತ್ತದೆ. ಬಾವುಟ ಆ ಪಟ್ಟಿಯಲ್ಲಿಲ್ಲ. ಮೇಲಾಗಿ ಆ ಜಾಗ ಪೂರ್ತಿ ಖಾಲಿಯೂ ಅಲ್ಲ. ಅಬಾಬ್ದಾ ಬುಡಕಟ್ಟಿನವರು ತಲೆತಲಾಂತರದಿಂದ ಅಲ್ಲಿ ಓಡಾಡುತ್ತಾರೆ, ಈಗ ಚಿನ್ನ ಅಗೆಯುವವರೂ ಇದ್ದಾರೆ. ರಾಜನಾಗಲು ಹೋದವರು ಅವರನ್ನು ಕೇಳಿದಂತೆ ಕಾಣಲಿಲ್ಲ.

ನಿನ್ನೆ ಮತ್ತು ಇವತ್ತು ಎದುರುಬದುರು ಇರುವ ದ್ವೀಪಗಳು ಎಲ್ಲಿವೆ?

ಬೇರಿಂಗ್ ಜಲಸಂಧಿಯಲ್ಲಿ. ದೊಡ್ಡ ಡಯೊಮೀಡ್ ರಷ್ಯಾದ್ದು, ಚಿಕ್ಕದು ಅಮೆರಿಕದ್ದು. ನಡುವೆ ನಾಲ್ಕು ಕಿಲೋಮೀಟರೂ ಇಲ್ಲ, ಆದರೆ ತಾರೀಖು ಬದಲಾಗುವ ದಿನರೇಖೆ ಅಲ್ಲೇ ಹಾಯುತ್ತದೆ. ಗಡಿಯಾರದಲ್ಲಿ 21 ಗಂಟೆ ವ್ಯತ್ಯಾಸ. ಚಿಕ್ಕ ದ್ವೀಪದವರು ಕಿಟಕಿ ತೆರೆದರೆ ನಾಳೆ ಕಾಣುತ್ತದೆ. 1987ರಲ್ಲಿ ಲಿನ್ ಕಾಕ್ಸ್ ಎಂಬ ಈಜುಗಾರ್ತಿ ಆ ಮಂಜಿನಂಥ ನೀರಲ್ಲಿ ಸುಮಾರು ಎರಡು ಗಂಟೆ ಈಜಿ ಅಮೆರಿಕದಿಂದ ಸೋವಿಯತ್ ದೇಶ ಮುಟ್ಟಿದಳು.

ದಿನರೇಖೆಯ ಮಾತು ಬಂತಲ್ಲ, ಸಮೋವಾ ದೇಶದ್ದೂ ಹೇಳಿಬಿಡುತ್ತೇನೆ. 1892ರಲ್ಲಿ ಅಮೆರಿಕದ ವ್ಯಾಪಾರಕ್ಕೆ ಅನುಕೂಲವಾಗಲಿ ಎಂದು ಅವರು ಜುಲೈ 4ನ್ನು ಎರಡು ಸಲ ಆಚರಿಸಿ ಗೆರೆಯ ಆಚೆ ಹೋದರು. 2011ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ವ್ಯಾಪಾರ ಹೆಚ್ಚಾಗಿ ಈಚೆಗೆ ಬಂದರು. ಡಿಸೆಂಬರ್ 29ರ ಗುರುವಾರ ಮಲಗಿದವರು ಎದ್ದದ್ದು 31ರ ಶನಿವಾರ. ಮಾಡದ ಶುಕ್ರವಾರದ ಕೆಲಸಕ್ಕೆ ಸಂಬಳ ಕೊಡಬೇಕೆಂದು ಸರ್ಕಾರ ಹೇಳಿತು. ಅಲ್ಲಿನ ನೌಕರರ ಅದೃಷ್ಟ.

ಗಡಿ ಕಲ್ಲು ಸರಿಸಿದರೆ ಏನಾಗುತ್ತದೆ?

2021ರಲ್ಲಿ ಬೆಲ್ಜಿಯಂನ ಎರ್ಕೆಲಿನ್ ಎಂಬಲ್ಲಿ ಒಬ್ಬ ರೈತ ಹಾಗೇ ಮಾಡಿದ. ಟ್ರ್ಯಾಕ್ಟರಿಗೆ ಅಡ್ಡ ಬರುತ್ತಿದೆ ಎಂದು ಒಂದು ಹಳೆಯ ಕಲ್ಲನ್ನು 2.29 ಮೀಟರ್ ಆಚೆ ಸರಿಸಿದ. ಅದು 1819ರಲ್ಲಿ ನೆಟ್ಟ ಗಡಿ ಕಲ್ಲು! ಬೆಲ್ಜಿಯಂ ಸ್ವಲ್ಪ ದೊಡ್ಡದಾಯಿತು, ಫ್ರಾನ್ಸ್ ಸ್ವಲ್ಪ ಸಣ್ಣದಾಯಿತು. ಎರಡೂ ಊರಿನ ಮೇಯರ್‌ಗಳು ನಕ್ಕು, ದಯವಿಟ್ಟು ಕಲ್ಲು ವಾಪಸ್ ಇಡಪ್ಪಾ ಅಂದರು. ನಮ್ಮ ಕಡೆ ಆಗಿದ್ದರೆ ಕುಡುಗೋಲು ಹೊರಬರುತ್ತಿತ್ತು.

ಇನ್ನೂ ನಗುವ ಜಗಳ ಬೇಕಾದರೆ ಹ್ಯಾನ್ಸ್ ದ್ವೀಪ ನೋಡಿ. ಡೆನ್ಮಾರ್ಕಿಗೆ ಸೇರಿದ ಗ್ರೀನ್‌ಲ್ಯಾಂಡ್ ಮತ್ತು ಕೆನಡಾ ನಡುವಿನ ಬರಿ ಬಂಡೆ. 1984ರಲ್ಲಿ ಕೆನಡಾದವರು ಬಾವುಟದ ಜೊತೆ ಒಂದು ವಿಸ್ಕಿ ಬಾಟಲಿ ಇಟ್ಟು ಬಂದರು. ಡೆನ್ಮಾರ್ಕಿನವರು ಹೋಗಿ ತಮ್ಮ ಬಾವುಟದ ಜೊತೆ ಶ್ನಾಪ್ಸ್ ಎಂಬ ಮದ್ಯ ಇಟ್ಟರು. ಬಾಟಲಿಗಳ ಈ ಯುದ್ಧ 2022ರಲ್ಲಿ ದ್ವೀಪವನ್ನು ಹಂಚಿಕೊಳ್ಳುವವರೆಗೆ ನಡೆಯಿತು.

ಇವನ್ನೆಲ್ಲ ಹೋಗಿ ನೋಡಬಹುದಾ? ಮೊದಲು ಎಲ್ಲಿಗೆ ಹೋಗಲಿ?

ಬಾರ್ಲೆಗೆ ಹೋಗುವುದು ಸುಲಭ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾ ಇದ್ದರೆ ಸಾಕು. ಡಚ್ ಕಡೆಯ ಬ್ರೆಡಾ ಅಥವಾ ಟಿಲ್ಬರ್ಗ್‌ನಿಂದ ಬಸ್ ಇದೆ. ಅರ್ಧ ದಿನ ಸಾಕು. ಮನೆಗಳ ಫಲಕ ನೋಡುತ್ತಾ ನಡೆಯಿರಿ, ಆದರೆ ಅವು ಜನ ವಾಸವಿರುವ ಮನೆಗಳು, ಬಾಗಿಲು ತಟ್ಟಬೇಡಿ. ಫೆಸೆಂಟ್ ದ್ವೀಪಕ್ಕೆ ಇಳಿಯಲು ಬಿಡುವುದು ವರ್ಷದಲ್ಲಿ ಅಪರೂಪಕ್ಕೆ. ದಡದಿಂದ ನೋಡಿದರೂ ಪೂರ್ತಿ ಕಾಣುತ್ತದೆ. ಬಿರ್ ತವೀಲ್ ಆಸೆ ಬಿಡಿ, ನೀರೂ ಇಲ್ಲ, ಸಹಾಯಕ್ಕೆ ಬರುವ ಸರ್ಕಾರವೂ ಇಲ್ಲ. ತೀನ್ ಬಿಘಾಕ್ಕೆ ವೀಸಾ ಬೇಡ. ಕೂಚ್ ಬಿಹಾರಕ್ಕೆ ರೈಲಿದೆ, ಅಲ್ಲಿಂದ ಮೆಖ್ಲಿಗಂಜ್ ಕಡೆ ಹೊರಡಿ. ಒಂದು ರಸ್ತೆಯಲ್ಲಿ ನಮ್ಮವರು, ಅದನ್ನು ಅಡ್ಡ ಹಾಯುವ ರಸ್ತೆಯಲ್ಲಿ ಅವರು. ಸೈಕಲ್ಲಿನ ಹಿಂದೆ ಹೊರೆ ಕಟ್ಟಿಕೊಂಡವರು ಭಾರತವನ್ನು ಎರಡು ನಿಮಿಷದಲ್ಲಿ ದಾಟಿ ತಮ್ಮ ದೇಶ ಸೇರುತ್ತಾರೆ. ಗುರುತಿನ ಚೀಟಿ ಜೇಬಲ್ಲಿರಲಿ. ಫೋಟೊ ತೆಗೆಯುವ ಮುಂಚೆ ಅಲ್ಲಿನ ಗಡಿ ಭದ್ರತಾ ಪಡೆಯವರನ್ನು ಒಂದು ಮಾತು ಕೇಳಿ.